ಮುನ್ನಾರಿನ ಟೆಂಟುಗಳ ಹಿಂದೆ ಒಂದು ರೈಲು ದಾರಿ

ಮುನ್ನಾರಿನಿಂದ ತಮಿಳುನಾಡಿನ ಗಡಿಯಂಚಿನ ಟಾಪ್ ಸ್ಟೇಷನ್‌ವರೆಗಿನ ರಸ್ತೆಯ ಆಸುಪಾಸಿನಲ್ಲಿ ಈಗ ಟೆಂಟ್ ರೆಸಾರ್ಟುಗಳಿಗೆ ಬರವಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬರುವ ಹುಡುಗರು ಬೆಂಕಿ ಹಾಕಿಕೊಂಡು ಹಾಡುತ್ತಾರೆ, ಬೆಳಿಗ್ಗೆ ಮಂಜಿನ ಫೋಟೊ ತೆಗೆದು ಹೊರಡುತ್ತಾರೆ. ಇದೇ ಕಣಿವೆಯಲ್ಲಿ ಒಂದು ಕಾಲಕ್ಕೆ ರೈಲು ಓಡುತ್ತಿತ್ತು ಎಂದರೆ ನಂಬುವವರು ಕಡಿಮೆ. ನಾನು ನೀರಾವರಿ ಇಲಾಖೆಯಲ್ಲಿ ಸರ್ವೆ ಮಾಡಿ ನಿವೃತ್ತನಾದವನು. ನಾಲೆಯ ಮಟ್ಟ ನೋಡಿ ನೋಡಿ ಕಣ್ಣು ಹಾಗೇ ಪಳಗಿಬಿಟ್ಟಿದೆ. ಗುಡ್ಡದ ಮೈಮೇಲೆ ಮನುಷ್ಯ ಎಳೆದ ಗೆರೆ ಕಂಡರೆ ಅದರ ಇಳಿಜಾರು ಎಷ್ಟಿದ್ದೀತು ಎಂದು ಲೆಕ್ಕ ಹಾಕದೆ ಇರಲಾರೆ. ಅಕ್ಕನ ಮಗ ಕುಟುಂಬ ಸಮೇತ ಅಲ್ಲಿಗೆ ಹೊರಟಾಗ ನಾನೂ ಜೊತೆಗೆ ಹೋದದ್ದು ಈ ಆಸೆಯಿಂದಲೇ. ಟೆಂಟಿನಲ್ಲಿ ಮಲಗುವ ಸುಖಕ್ಕೆ ಖಂಡಿತ ಅಲ್ಲ.

ಮೊದಲು ಆ ರೈಲಿನ ಸಂಗತಿ. ಮುನ್ನಾರಿನ ಸುತ್ತಲಿನ ಕಣ್ಣನ್ ದೇವನ್ ಬೆಟ್ಟಗಳ ಚಹಾ ಹೊರಗೆ ಹೋಗಬೇಕಾದದ್ದು ತಮಿಳುನಾಡಿನ ಕಡೆಗೆ. ಟಾಪ್ ಸ್ಟೇಷನ್ನಿನಿಂದ ರೋಪ್‌ವೇಯಲ್ಲಿ ಕೊಟ್ಟಗುಡಿಯ ಬಳಿಯ ಬಾಟಮ್ ಸ್ಟೇಷನ್ನಿಗೆ ಇಳಿದು, ಗಾಡಿಯಲ್ಲಿ ಬೋಡಿನಾಯಕನೂರಿಗೆ ಸಾಗಿ, ಕಡೆಗೆ ತೂತ್ತುಕುಡಿಯಲ್ಲಿ ಹಡಗು ಹತ್ತುತ್ತಿತ್ತು. ಮುನ್ನಾರಿನಿಂದ ಟಾಪ್ ಸ್ಟೇಷನ್ ತಲುಪಿಸಲು 1902ರಲ್ಲಿ ಹಾಕಿದ್ದು ಒಂಟಿ ಹಳಿಯ ರೈಲು, ಯೂಯಿಂಗ್ ಪದ್ಧತಿಯದು. ಭಾರದ ಬಹುಪಾಲನ್ನು ಒಂದೇ ಹಳಿ ಹೊರುತ್ತದೆ. ಬಂಡಿ ಮಗುಚದಂತೆ ಪಕ್ಕಕ್ಕೆ ಚಾಚಿದ ಇನ್ನೊಂದು ಚಕ್ರ ಬರಿಯ ರಸ್ತೆಯ ಮೇಲೆ ಉರುಳುತ್ತದೆ. ಎಳೆಯುತ್ತಿದ್ದದ್ದು ಎತ್ತುಗಳು. ಪಟಿಯಾಲದಲ್ಲಿಯೂ ಇದೇ ಪದ್ಧತಿಯ ರೈಲು ಇತ್ತು, ಅದರ ಎಂಜಿನ್ ದೆಹಲಿಯ ರೈಲು ಸಂಗ್ರಹಾಲಯದಲ್ಲಿದೆ. 1908ರಲ್ಲಿ ಒಂಟಿ ಹಳಿಯನ್ನು ಕಿತ್ತು, ಎರಡು ಅಡಿ ಅಂತರದ ಜೋಡಿ ಹಳಿ ಹಾಸಿ, ಉಗಿ ಎಂಜಿನ್ ತಂದರು. ಇದೇ ಕುಂಡಲ ಕಣಿವೆ ರೈಲು.

1924ರ ಜುಲೈ ಮಳೆ ಅದನ್ನು ಮುಗಿಸಿತು. ಮಲಯಾಳಿಗಳು ಕೊಲ್ಲಂ ಶಕೆ 1099ರ ಲೆಕ್ಕದಲ್ಲಿ ಅದನ್ನು ‘ತೊಂಬತ್ತೊಂಬತ್ತರ ಪ್ರವಾಹ’ ಎನ್ನುತ್ತಾರೆ. ನಮ್ಮ ಕಡೆ ಕಾವೇರಿ ದಾಖಲೆ ಮೀರಿ ಉಕ್ಕಿದ್ದೂ ಅದೇ ತಿಂಗಳು. ಮುನ್ನಾರ್ ಪೇಟೆ ಕೊಚ್ಚಿಹೋಯಿತು, ಹಳಿ ಸೇತುವೆಗಳೂ ಹೋದವು. ಮತ್ತೆ ರೈಲು ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ. ಅದರ ಜಾಗಕ್ಕೂ ರೋಪ್‌ವೇ ಬಂತು, ಆಮೇಲೆ ರಸ್ತೆ.

ಇಂಥ ಹುಡುಕಾಟದಲ್ಲಿ ಎಲ್ಲರೂ ಹಳಿಗಾಗಿ ನೆಲ ನೋಡುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಕಬ್ಬಿಣಕ್ಕೆ ಬೆಲೆ ಇದೆ, ಹಳಿ ಮೊದಲು ಮಾಯವಾಗುತ್ತದೆ. ಹಳಿಯ ಕೆಳಗೆ ಅಡ್ಡ ಹಾಸುವ ಮರದ ಸ್ಲೀಪರನ್ನು ಗೆದ್ದಲು ತಿನ್ನುತ್ತದೆ, ಇಲ್ಲವೇ ಯಾರದೋ ಒಲೆ ಸೇರುತ್ತದೆ. ಯಾರೂ ಹೊತ್ತೊಯ್ಯಲಾಗದ್ದು ಒಂದೇ: ಗುಡ್ಡದ ಪಕ್ಕೆಯನ್ನು ಕಡಿದು ಮಾಡಿದ ಮಟ್ಟ. ನಾನು ಹುಡುಕಿದ್ದು ಅದನ್ನು.

ನಾವು ಉಳಿದುಕೊಂಡಿದ್ದ ಜಾಗ ಕುಂಡಲ ಕೆರೆಗೂ ಟಾಪ್ ಸ್ಟೇಷನ್ನಿಗೂ ನಡುವೆ. ಇಳಿಜಾರಿನಲ್ಲಿ ಮೂರು ಹಂತಗಳಾಗಿ ಟೆಂಟುಗಳು. ಮೇಲಿನ ಎರಡು ಹಂತ ಜೆಸಿಬಿ ಕೆಲಸ ಎಂದು ನೋಡಿದರೇ ತಿಳಿಯುತ್ತಿತ್ತು: ಮಣ್ಣು ಇನ್ನೂ ಕೆಂಪಗೆ, ಅಂಚು ಆಗಲೇ ಕುಸಿಯುತ್ತಿದೆ. ಕೆಳಗಿನದು ಬೇರೆ ಜಾತಿ. ಒಂಬತ್ತು ಹತ್ತು ಅಡಿ ಅಗಲ, ಹೊರ ಅಂಚಿಗೆ ಗಾರೆ ಹಾಕದೆ ಪೇರಿಸಿದ ಕಲ್ಲಿನ ತಡೆಗೋಡೆ, ಕಲ್ಲಿನ ಮೇಲೆ ದಪ್ಪ ಪಾಚಿ. ಟೆಂಟು ಮುಗಿದ ಕಡೆಯೂ ಆ ಮಟ್ಟ ಮುಗಿಯಲಿಲ್ಲ, ಪೊದೆಯೊಳಗೆ ಹಾಗೇ ಮುಂದುವರಿದಿತ್ತು.

ಅಷ್ಟಕ್ಕೇ ರೈಲು ದಾರಿ ಎಂದು ಹೇಳುವಂತಿಲ್ಲ. ಚಹಾ ತೋಟದಲ್ಲಿ ಗೆರೆಗಳು ಹಲವು. ಎಲೆ ಕೊಯ್ಯುವವರ ಕಾಲುದಾರಿ ನೆಟ್ಟಗೆ ಮೇಲೇರುತ್ತದೆ. ಜೀಪ್ ರಸ್ತೆ ಒಮ್ಮೆ ಕಡಿದಾಗಿ ಏರಿ, ಚೂಪಾಗಿ ತಿರುಗಿ, ಮತ್ತೆ ಏರುತ್ತದೆ. ನೀರಿನ ಕಾಲುವೆ ಒಂದೇ ದಿಕ್ಕಿಗೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತದೆ, ಎಲ್ಲಿಯೂ ಏರುವುದಿಲ್ಲ. ರೈಲು ಇವೆಲ್ಲದರ ನಡುವಿನದು. ಸದಾ ಒಂದೇ ಹದದ ಏರಿಕೆ, ಉದಾರವಾದ ತಿರುವು. ಅಡ್ಡ ಬಂದ ದಿಣ್ಣೆಯನ್ನು ಸುತ್ತುವ ಬದಲು ಸೀಳಿ ಹೋಗುತ್ತದೆ, ತಗ್ಗು ಬಂದರೆ ಮಣ್ಣಿನ ಏರಿ ಹಾಕಿ ದಾಟುತ್ತದೆ. ನೀಲಗಿರಿಯಲ್ಲಿ ಹನ್ನೆರಡು ಅಡಿಗೆ ಒಂದಡಿಯಷ್ಟು ಏರಬೇಕಾದ್ದರಿಂದ ಹಲ್ಲಿನ ಹಳಿ ಹಾಕಿದರು. ಹಲ್ಲಿಲ್ಲದ ಸಣ್ಣ ಎಂಜಿನ್ನಿಗೆ ಅದರ ಮೂರನೆಯ ಒಂದು ಪಾಲು ಏರಿಕೆಯೇ ಸಾಕಷ್ಟಾಯಿತು.

ಚೀಲದಲ್ಲಿ ನನ್ನ ಹಳೆಯ ಆಬ್ನಿ ಲೆವೆಲ್ ಇತ್ತು. ಇಳಿಜಾರಿನ ಕೋನ ಅಳೆಯುವ ಅಂಗೈಯಗಲದ ಹಿತ್ತಾಳೆಯ ಸಾಧನ, ರಸ್ತೆ ಸರ್ವೆ ಮಾಡಿದವರಿಗೆಲ್ಲ ಪರಿಚಯವಿರುತ್ತದೆ. ಅಳಿಯನನ್ನು ಮುಂದೆ ನಿಲ್ಲಿಸಿ, ಅವನ ಎದೆಯ ಮೇಲೆ ನನ್ನ ಕಣ್ಣಿನ ಎತ್ತರಕ್ಕೆ ಕರವಸ್ತ್ರ ಸಿಕ್ಕಿಸಿ, ನೋಡುತ್ತ ಹೋದೆ. “ಮಾಮ, ರಜೆಯಲ್ಲೂ ನನ್ನನ್ನು ಚೈನ್‌ಮನ್ ಮಾಡಿದಿರಲ್ಲ” ಎಂದು ಗೊಣಗಿದ. ಗೊಣಗಲಿ. ಎಲ್ಲಿ ನೋಡಿದರೂ ಏರಿಕೆ ಎರಡು ಡಿಗ್ರಿಯೊಳಗೇ ಇತ್ತು. ಜೀಪಿಗಾಗಿ ಇಷ್ಟು ನಾಜೂಕಾಗಿ ದಾರಿ ಕಡಿಯುವವರಿಲ್ಲ, ಕಾಲುವೆಗೆ ಇಷ್ಟು ಏರಿಕೆ ಸಲ್ಲದು.

ಮುಂದೆ ಒಂದು ದಿಣ್ಣೆಯನ್ನು ಸೀಳಿದ ಜಾಗ ಸಿಕ್ಕಿತು. ಎರಡೂ ಕಡೆ ಆಳೆತ್ತರದ ಗೋಡೆ, ತಳದಲ್ಲಿ ಜರಿಗಿಡ. ಅದು ಮುಗಿದಲ್ಲೇ ತೊರೆಯೊಂದಕ್ಕೆ ಕಲ್ಲು ಚಪ್ಪಡಿ ಹಾಸಿದ ಮೋರಿ. ಕೋಲಿನಿಂದ ಮಣ್ಣು ಚುಚ್ಚಿದರೆ ಟಕ್ ಟಕ್ ಎಂದು ತಾಗುವ ಜಲ್ಲಿ. ಹೆಚ್ಚುಕಡಿಮೆ ಒಂದೇ ಗಾತ್ರದ ಒಡೆದ ಕಲ್ಲು, ಹೊಳೆಯ ಉರುಟು ಕಲ್ಲಲ್ಲ. ಈ ಮೂರೂ ಒಂದೇ ಸಾಲಿನಲ್ಲಿ ಬಂದ ಮೇಲೆ ನನಗೆ ಸಂಶಯ ಉಳಿಯಲಿಲ್ಲ.

ಬೆಳಗಿನ ಓರೆ ಬಿಸಿಲಿನಲ್ಲಿ ಎದುರಿನ ಗುಡ್ಡದಿಂದ ನೋಡುವುದು ಇನ್ನೂ ಒಳ್ಳೆಯ ಉಪಾಯ. ಚಹಾ ಗಿಡ ಸವರಿದ ಹೊಸತರಲ್ಲಾದರೆ ಕಡಿದ ಮಟ್ಟದ ನೆರಳು ಒಂದೇ ಗೆರೆಯಾಗಿ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಹೋದವರಿಗೆ ಸಿಗುವುದು ಜಿಗಣೆ ಮಾತ್ರ.

ಹಳಿ ಸಿಕ್ಕಿದ್ದು ದಾರಿಯ ಮೇಲಲ್ಲ, ಜನರ ಮನೆಯಲ್ಲಿ. ಕ್ಯಾಂಪಿನ ಕಾವಲುಗಾರ ತಮಿಳಿನವರು, ಹಿಂದಿನ ತಲೆಮಾರಿನಿಂದಲೂ ತೋಟದ ಲೈನ್ ಮನೆಯಲ್ಲಿ ಬೆಳೆದವರು. ನನ್ನ ಹರಕು ತಮಿಳಿನಲ್ಲಿ ರೈಲಿನ ಬಗ್ಗೆ ಕೇಳಿದರೆ “ಗೊತ್ತಿಲ್ಲ ಸಾರ್” ಎಂದರು. ಹಳೆಯ ಕಬ್ಬಿಣದ ಕಂಬ ಎಲ್ಲಾದರೂ ಇದೆಯೇ ಅಣ್ಣ ಎಂದು ಕೇಳಿದಾಗ ನಕ್ಕು, ತಮ್ಮ ಮನೆಯ ಜಗುಲಿಗೇ ಕರೆದುಕೊಂಡು ಹೋದರು. ಮಾಡಿಗೆ ಆನಿಸಿದ್ದ ಕಂಬ ಹಳಿಯೇ. ನಾಲ್ಕು ಬೆರಳಿನಷ್ಟು ಎತ್ತರ, ದೊಡ್ಡ ರೈಲಿನ ಹಳಿಯ ಪಕ್ಕದಲ್ಲಿಟ್ಟರೆ ಅದರ ಮರಿಯಂತಿದ್ದೀತು. ತಯಾರಕರ ಹೆಸರು ಹಳಿಯ ನಡುಪಟ್ಟಿಯಲ್ಲಿ ಉಬ್ಬಿರುತ್ತದೆ. ಬೆರಳಾಡಿಸಿ ನೋಡಿದೆ. ಬಣ್ಣ ಬಳಿದು ಬಳಿದು ಅದು ಮುಚ್ಚಿಹೋಗಿತ್ತು. ಕೆರೆದು ನೋಡುವುದು ಸರಿಯಲ್ಲ, ಅದು ಅವರ ಮನೆಯ ಕಂಬ. ಅವರ ಹೆಂಡತಿ ಕೊಟ್ಟ ಕಪ್ಪು ಚಹಾ ಕುಡಿದು ಬಂದೆ.

ಟಾಪ್ ಸ್ಟೇಷನ್ನಿನ ಸಮೀಪ ಎಚ್ಚರ ಬೇಕು. ಅಲ್ಲಿ ಕಾಣುವ ಕಲ್ಲಿನ ಕಟ್ಟೆಗಳಲ್ಲಿ, ತುಕ್ಕು ಹಿಡಿದ ಬೋಲ್ಟುಗಳಲ್ಲಿ ರೋಪ್‌ವೇಯ ಪಾಲು ದೊಡ್ಡದು. ಗುರುತಿಸುವ ಬಗೆ ಸುಲಭ: ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಗೆರೆ ಎಳೆಯಿರಿ. ಕಣಿವೆ, ಕೊರಕಲು ಯಾವುದನ್ನೂ ಲೆಕ್ಕಿಸದೆ ಗೆರೆ ನೇರ ಹೋದರೆ ಅದು ಹಗ್ಗದ ದಾರಿ. ಕುಂಡಲ, ಮಟ್ಟುಪೆಟ್ಟಿಯ ಬಳಿ ಇನ್ನೊಂದು ತೊಡಕು. ಎರಡೂ ಅಣೆಕಟ್ಟುಗಳು ರೈಲು ಹೋದ ಮೇಲೆ ಬಂದವು, ಆದ್ದರಿಂದ ಈಗಿನ ನೀರಂಚನ್ನು 1908ರ ಕಣಿವೆಯ ಅಂಚು ಎಂದುಕೊಂಡು ಹುಡುಕಿದರೆ ದಾರಿ ತಪ್ಪುತ್ತದೆ. ಬಹಳ ಕಡೆ ಹಳೆಯ ರೈಲು ದಾರಿಯ ಮೇಲೆಯೇ ಈಗಿನ ಡಾಂಬರು ಹರಡಿದೆ. ಬಸ್ಸು ಗೇರು ಬದಲಿಸದೆ ಬಹು ದೂರ ಒಂದೇ ಸಮನೆ ಹತ್ತಿದರೆ ಕಿಟಕಿಯಿಂದ ಹೊರಗೆ ನೋಡಿ.

ಪೊದೆಯಲ್ಲಿ ನುಗ್ಗಲು ಇಷ್ಟವಿಲ್ಲದವರು ಮುನ್ನಾರ್ ಪೇಟೆಯಲ್ಲೇ ನೋಡಬಹುದು. ಹಳೆಯ ಸ್ಟೇಷನ್ ಕಟ್ಟಡ ಈಗ ಚಹಾ ಕಂಪನಿಯ ಕಚೇರಿ. ರೈಲು ದಾಟುತ್ತಿದ್ದ ಕಡೆ ಅಲ್ಯೂಮಿನಿಯಂ ಸೇತುವೆ ಇದೆ. ಚಹಾ ಸಂಗ್ರಹಾಲಯದಲ್ಲಿ ಆ ರೈಲಿನ ಚಕ್ರವೊಂದನ್ನು ಇಟ್ಟಿದ್ದಾರೆ.

ತೋಟದ ಒಳಗೆ ಕಾಲಿಡುವ ಮೊದಲು ಎಸ್ಟೇಟ್ ಕಚೇರಿಯಲ್ಲಿ ಕೇಳಿ. ಕುಂಡಲದ ಸುತ್ತ ಆನೆ ಓಡಾಡುತ್ತದೆ, ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು ಸಂಜೆಗೆ ಮುಂಚೆ ಮರಳಬೇಕು. ಮೊಳೆ, ಬೋಲ್ಟು ಸಿಕ್ಕಿದರೆ ಫೋಟೊ ತೆಗೆದು ಅಲ್ಲೇ ಬಿಡಿ. ಸ್ಥಳ ಬದಲಿಸಿದ ಬೋಲ್ಟು ಬರಿಯ ಗುಜರಿ. ನಾನು ಸಿಕ್ಕಿದ ಜಾಗಗಳನ್ನೆಲ್ಲ ಮೊಬೈಲ್ ನಕ್ಷೆಯಲ್ಲಿ ಗುರುತು ಮಾಡಿ, ಅದರ ಪ್ರತಿಯೊಂದನ್ನು ಕ್ಯಾಂಪ್ ನಡೆಸುವ ಹುಡುಗನಿಗೆ ಕೊಟ್ಟೆ. ನಾಲ್ಕನೆಯ ಹಂತ ಕಡಿಯುವ ಯೋಚನೆ ಅವನಿಗಿತ್ತು. ಕೆಳಗಿನ ತಡೆಗೋಡೆಯ ತಂಟೆಗೆ ಹೋಗುವುದಿಲ್ಲ ಎಂದಿದ್ದಾನೆ.

ಉಳಿದದ್ದು ರೋಪ್‌ವೇಯ ಕೆಳತುದಿ. ಟಾಪ್ ಸ್ಟೇಷನ್ನಿನಿಂದ ಕುರಂಗಣಿಗೆ ಇಳಿಯುವ ಕಾಲುದಾರಿಯಲ್ಲಿ ಹೋದರೆ ಆ ಕಡೆ ತಲುಪಬಹುದು. 2018ರ ಮಾರ್ಚ್‌ನಲ್ಲಿ ಕುರಂಗಣಿಯ ಕಾಡುಕಿಚ್ಚಿನಲ್ಲಿ ಚಾರಣಿಗರು ಸುಟ್ಟು ಸತ್ತ ಮೇಲೆ ತಮಿಳುನಾಡು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಆ ದಾರಿ ಹಿಡಿಯುವ ಮಾತೇ ಇಲ್ಲ. ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಮಳೆ ನಿಂತ ಮೇಲೆ ತೇನಿಯಲ್ಲಿ ಅರ್ಜಿ ಹಾಕುವವನಿದ್ದೇನೆ.