ಒಂದು ಸೈಜ್ ದೊಡ್ಡ ಬೆಂಚ್ ಶರ್ಟಿನಲ್ಲಿ 170 ಒತ್ತಿದ್ದು

ನಮ್ಮ ಮಂಗಳೂರಿನ ಜಿಮ್‌ಗಳಲ್ಲಿ ಬೆಂಚ್ ಶರ್ಟ್ (ಪವರ್‌ಲಿಫ್ಟಿಂಗ್‌ನಲ್ಲಿ ಬೆಂಚ್ ಮೇಲೆ ಮಲಗಿ ಬಾರ್ ಎದೆಗೆ ಇಳಿಸಿ ಮೇಲೆ ಒತ್ತುವಾಗ ಹಾಕುವ, ಬಾರ್ ತಳ್ಳಲು ನೆರವಾಗುವ ಗಟ್ಟಿ ಅಂಗಿ) ಬಗ್ಗೆ ಯಾರನ್ನು ಕೇಳಿದರೂ ಒಂದೇ ಸಲಹೆ. ಇನ್ನೂ ಟೈಟ್ ತಗೋ. 40 ಹಾಕುತ್ತಿದ್ದೀಯಾ, 38 ತಗೋ. ಕೈ ಜೋಮು ಹಿಡಿಯಬೇಕು, ಕಂಕುಳ ಚರ್ಮ ಕಿತ್ತು ಬರಬೇಕು, ಆಗಲೇ ಶರ್ಟ್ ಕೆಲಸ ಮಾಡೋದಂತೆ. ನಾನು ಉಲ್ಟಾ ಹೋದೆ. ಒಂದು ಸೈಜ್ ದೊಡ್ಡದು ತಗೊಂಡೆ, ತೋಳು ಮಾತ್ರ ಹಿಡಿಸಿದೆ, ಕಾಲರ್ ಕೆಳಕ್ಕೆ ಎಳೆದು ಕೂರಿಸಿದೆ. ಕಳೆದ ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ 83 ಕೆ.ಜಿ. ವಿಭಾಗದಲ್ಲಿ 170 ಒತ್ತಿದೆ, ಮೂರೂ ತೀರ್ಪುಗಾರರಿಂದ ಬಿಳಿ ಲೈಟ್, ಅಂದರೆ ಸರಿ ಅಂತ. ನನ್ನ ರಾ ಬೆಂಚ್, ಅಂದರೆ ಶರ್ಟ್ ಇಲ್ಲದೆ ಒತ್ತೋದು, ಒಳ್ಳೆಯ ದಿನ 130, ಮೈ ಸರಿ ಇಲ್ಲದ ದಿನ 125. ಅಂದರೆ ಶರ್ಟ್ ಕೊಟ್ಟದ್ದು 40ರ ಆಸುಪಾಸು. "ಲೂಸ್ ಅಂಗಿ ಹಾಕ್ಕೊಂಡು ಏನು ಮಾಡ್ತೀಯ ಮಾರಾಯ" ಅಂದವರೇ ಈಗ ವಾರ್ಮ್‌ಅಪ್‌ನಲ್ಲಿ ಬಂದು ನನ್ನ ಕಾಲರ್ ಎಲ್ಲಿದೆ ಅಂತ ಬಗ್ಗಿ ನೋಡುತ್ತಾರೆ.

ನಾನು ಹೇಳುತ್ತಿರುವುದು ಸಿಂಗಲ್ ಪ್ಲೈ, ಐಪಿಎಫ್ (ಅಂತಾರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ) ನಿಯಮದ ಶರ್ಟ್. ಜಿಮ್ಮಿ ಕೋಲ್ಬ್ 600 ಕೆ.ಜಿ. ಮೀರಿ ಒತ್ತಿದ ವಿಡಿಯೋ ತೋರಿಸಿ "ಹೀಗೆ ಮಾಡಿದರೆ ಆಗಲ್ವಾ" ಅಂತ ಹುಡುಗರು ಕೇಳುತ್ತಾರೆ. ಅದು ನಮ್ಮ ನಿಯಮದ ಶರ್ಟ್ ಅಲ್ಲ. ಜೂಲಿಯಸ್ ಮ್ಯಾಡಕ್ಸ್ 2021ರಲ್ಲಿ ರಾ ಆಗಿ ಹೊಡೆದ 355 ಕೆ.ಜಿ. ಪಕ್ಕಕ್ಕಿಟ್ಟು ನೋಡಿ, ಬಟ್ಟೆ ಎಷ್ಟು ಎತ್ತುತ್ತದೆ ಅಂತ ಗೊತ್ತಾಗುತ್ತದೆ. ನಮಗೆ ಒಂದೇ ಪದರ, ಬೆನ್ನು ಮುಚ್ಚಿರಬೇಕು, ತಲೆ ಬೆಂಚ್ ಬಿಡುವಂತಿಲ್ಲ.

ನನ್ನ ಮೊದಲ ಶರ್ಟ್ ಸೆಕೆಂಡ್ ಹ್ಯಾಂಡ್. ಸುಮಾರು 4 ಸಾವಿರ ಕೊಟ್ಟೆ. ಹಳೇ ಮಾದರಿ, ಕಾಲರ್ ಕುತ್ತಿಗೆಗೇ ಅಂಟಿಕೊಂಡಿರುತ್ತಿತ್ತು. ಹಾಕಿಕೊಂಡರೆ ಎರಡೂ ಕೈ ಬೆರ್ಚಪ್ಪನ ಹಾಗೆ ನೆಟ್ಟಗೆ ನಿಲ್ಲುತ್ತಿದ್ದವು, ನೀರಿನ ಬಾಟಲಿ ಬಾಯಿಗೆ ತರಲೂ ಬೇರೆಯವರು ಬೇಕಿತ್ತು. ಎಲ್ಲರಿಗೂ ಖುಷಿ, ಭಾರೀ ಟೈಟ್ ಉಂಟು ಅಂತ. ಆದರೆ 140 ಹಾಕಿದರೆ ಬಾರ್ ಎದೆಯಿಂದ ಮೂರು ಬೆರಳು ಮೇಲೆ ನಿಂತುಬಿಡುತ್ತಿತ್ತು. 150ಕ್ಕೂ ಮುಟ್ಟಲಿಲ್ಲ. 160 ಹಾಕಿದಾಗ ಮುಟ್ಟಿತು, ಮುಟ್ಟಿದ್ದೇ ಹೊಟ್ಟೆಯ ಕಡೆ ಜಾರಿ, ಕಾವಲಿಗೆ ನಿಂತ ಸ್ಪಾಟರ್‌ಗಳ ಕೈಗೆ ಹೋಯಿತು. ಆ ಶರ್ಟಿನಲ್ಲಿ ಆಡಿದ ಮೊದಲ ಸ್ಪರ್ಧೆಯಲ್ಲಿ ಮೂರು ಅಟೆಂಪ್ಟೂ ಕೆಂಪು. ಎರಡು ಟಚ್ ಇಲ್ಲ ಅಂತ, ಒಂದು ಬೆಲ್ಟಿಗೆ ತಾಗಿತು ಅಂತ. ಒಂದು ಲಿಫ್ಟೂ ಲೆಕ್ಕಕ್ಕೆ ಬರದೆ ಮನೆಗೆ ಬಂದೆ. ಎಂಟ್ರಿ ಫೀಸ್, ಬಸ್ಸು, ಲಾಡ್ಜ್ ಸೇರಿ 3 ಸಾವಿರ ಹೋಯಿತು.

ಅಲ್ಲಿಂದ ನಾನು ಎರಡು ನಂಬರ್ ಬರೆದಿಡಲು ಶುರು ಮಾಡಿದೆ. ಎಷ್ಟು ತೂಕಕ್ಕೆ ಬಾರ್ ಎದೆ ಮುಟ್ಟುತ್ತದೆ, ಎಷ್ಟು ತೂಕ ಲಾಕೌಟ್ ಆಗುತ್ತದೆ, ಅಂದರೆ ಕೈ ನೆಟ್ಟಗಾಗುವವರೆಗೆ ಮೇಲೆ ಹೋಗುತ್ತದೆ. ಟೈಟ್ ಶರ್ಟಿನಲ್ಲಿ ಮುಟ್ಟುವ ತೂಕ 160, ಲಾಕ್ ಆಗುವ ತೂಕ 152 ಇರಬಹುದು. ಅಂಥ ಶರ್ಟ್ ಎಷ್ಟು ಬಿಗಿ ಇದ್ದರೇನು, ಸ್ಪರ್ಧೆಗೆ ದಂಡ. ಮುಟ್ಟುವ ತೂಕ ನಿಮ್ಮ ಮೊದಲ ಅಟೆಂಪ್ಟಿನ ತೂಕ, ಅಂದರೆ ಓಪನರ್‌ಗಿಂತ 10 ಕೆ.ಜಿ.ಯಾದರೂ ಕೆಳಗಿರಬೇಕು. ಈ ಲೆಕ್ಕ ಹೇಳಿದರೆ ಹಿರಿಯರು ನಕ್ಕರು. "ನಿನಗೆ ಧೈರ್ಯ ಸಾಲದು, ಎಳೆದು ಮುಟ್ಟಿಸು" ಅಂದರು.

ಹೊಸ ಶರ್ಟಿಗೆ ಕಾಲರ್ ಕೆಳಗಿರುವ ಮಾದರಿಯೇ ಬೇಕು ಅಂತ ಟೈಟನ್ ಕಟಾನಾ ತರಿಸಿದೆ. ಇಂಜರ್ ರೇಜ್ ಎಕ್ಸ್ ಕೂಡ ನೋಡಿದ್ದೆ, ಗೆಳೆಯನೊಬ್ಬನದ್ದು ಹಾಕಿ ಬೋರ್ಡ್ (ಬಾರ್ ಪೂರ್ತಿ ಇಳಿಯದಂತೆ ಎದೆಯ ಮೇಲೆ ಇಡುವ ಹಲಗೆ) ಮೇಲೆ ಒತ್ತಿದ್ದೆ, ಅದೂ ಒಳ್ಳೆಯದೇ. ಶರ್ಟಿನ ಬೆಲೆ ಹೆಚ್ಚುಕಡಿಮೆ 200 ಡಾಲರ್. ಕೊರಿಯರ್, ಸುಂಕ ಎಲ್ಲ ಸೇರಿ ಕೈಗೆ ಬರುವಾಗ 23 ಸಾವಿರ ದಾಟಿತ್ತು. ಎಲ್ಲರೂ 40 ಅಂದರು, ನಾನು 42 ಹೇಳಿದೆ. ಪೆಟ್ಟಿಗೆ ಬಿಚ್ಚಿದ ದಿನ ಯಾರ ಸಹಾಯವೂ ಇಲ್ಲದೆ ನಾನೇ ಹಾಕಿಕೊಂಡೆ. ಅದನ್ನು ನೋಡಿದವರಿಗೆ ಅಷ್ಟೂ ದುಡ್ಡು ನೀರಿಗೆ ಹೋಯಿತು ಅನ್ನಿಸಿತು.

ಎದೆ, ಬೆನ್ನು ಸರಿ ಇತ್ತು. ತೋಳು ಮಾತ್ರ ಸಡಿಲ. ಮೊದಲು ಮಾಮೂಲಿ ಟೈಲರ್ ಹತ್ತಿರ ಹಿಡಿಸಿದೆ, ನೂರು ರೂಪಾಯಿ. ಎರಡು ಬೋರ್ಡಿನ ಮೇಲೆ 150 ಇಳಿಸುವಾಗ ಪಟಪಟ ಅಂತ ದಾರ ಬಿಟ್ಟಿತು. ಸ್ಪಾಟರ್ ಹುಷಾರಾಗಿದ್ದ, ಬದುಕಿದೆ. ಆಮೇಲೆ ಕಾರಿನ ಸೀಟ್ ಕವರ್ ಹೊಲಿಯುವವರ ಹತ್ತಿರ ಹೋದೆ. ದಪ್ಪ ನೈಲಾನ್ ದಾರ, ಗಟ್ಟಿ ಮೆಷಿನ್. ಮೂಲ ಹೊಲಿಗೆಯ ಸಾಲಿನಲ್ಲೇ ಎರಡೂ ತೋಳು ಒಂದೊಂದು ಬೆರಳಿನಷ್ಟು ಒಳಗೆ ತಂದು 300 ತಗೊಂಡರು. ಇವತ್ತಿಗೂ ಒಂದು ದಾರ ಬಿಟ್ಟಿಲ್ಲ. ಮೂಲ ಸಾಲು ಬಿಟ್ಟು ಬೇರೆ ಕಡೆ ಮಡಿಕೆ ಹಾಕಿಸಬೇಡಿ, ಇಕ್ವಿಪ್‌ಮೆಂಟ್ ಚೆಕ್‌ನಲ್ಲಿ ಸುಮ್ನೆ ತಲೆನೋವು. ಎಷ್ಟು ಹಿಡಿಸಬೇಕು, ಮೊಣಕೈ ಹತ್ತಿರ ಎಷ್ಟು, ಕಂಕುಳ ಹತ್ತಿರ ಎಷ್ಟು ಅನ್ನೋದು ಒಬ್ಬೊಬ್ಬರ ಕೈಗೆ ಒಂದೊಂದು ಥರ. ನನ್ನ ಅಳತೆ ನನ್ನ ಹತ್ತಿರವೇ ಇರಲಿ.

ಇನ್ನು ಹಾಕುವ ಕೆಲಸ. ಕರಾವಳಿಯ ಸೆಖೆಯಲ್ಲಿ ಅರ್ಧ ಯುದ್ಧ ಇದೇ. ಬೆವರಿದ ಚರ್ಮದ ಮೇಲೆ ಪಾಲಿಯೆಸ್ಟರ್ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಬೇಬಿ ಪೌಡರ್ ಹಾಕಬಹುದು, ನಿಯಮದಲ್ಲಿ ಅಡ್ಡಿ ಇಲ್ಲ. ಎಣ್ಣೆ ಮುಟ್ಟಿಸುವಂತಿಲ್ಲ. ನಾನು ಫ್ಯಾನ್ ಮುಂದೆ ಹತ್ತು ನಿಮಿಷ ಕೂತು ಕೈ ಒಣಗಿಸಿ, ಪೌಡರ್ ಬಳಿದು, ಬಟ್ಟೆ ಅಂಗಡಿಯ ತೆಳು ಪ್ಲಾಸ್ಟಿಕ್ ಕವರ್ ಕೈಗೆ ಹಾಕಿ ಅದರ ಮೇಲೆ ತೋಳು ಏರಿಸುತ್ತೇನೆ. ತೋಳು ಭುಜದ ಬುಡದವರೆಗೆ ಬಂದ ಮೇಲೆ ಕವರ್ ಎಳೆದು ತೆಗೆಯಬೇಕು. ಇಬ್ಬರು ಬೇಕು, ಅದರಲ್ಲಿ ಒಬ್ಬ ನಿಮ್ಮ ಶರ್ಟ್ ಗೊತ್ತಿರುವವನಾಗಿರಬೇಕು. ಕಂಕುಳಲ್ಲಿ ಬಟ್ಟೆ ಒಂದು ಮಡಿಕೆ ಆಗಿ ಉಳಿದರೂ ಆ ಕಡೆಯ ಕೈ ಬೇಗ ಇಳಿಯುತ್ತದೆ, ಬಾರ್ ಓರೆ. ಎರಡೂ ಕಡೆ ಬೆರಳು ತೂರಿಸಿ ಮಡಿಕೆ ಬಿಡಿಸಬೇಕು. ತೋಳಿನ ಹೊಲಿಗೆಯನ್ನು ಸ್ವಲ್ಪ ತಿರುಗಿಸಿ ಕೂರಿಸುವುದೂ ಉಂಟು. ಯಾವ ಕಡೆಗೆ, ಎಷ್ಟು ಅಂತ ನೀವೇ ಹುಡುಕಿ. ನನಗೆ ಯಾರೂ ಹೇಳಿಕೊಟ್ಟಿಲ್ಲ.

ಕೊನೆಗೆ ಕಾಲರ್. ಮುಂದೆ ನಿಂತವನು ಎರಡೂ ಕೈಯಲ್ಲಿ ಎದೆಯ ಬಟ್ಟೆ ಹಿಡಿದು ಕೆಳಕ್ಕೆ ಎಳೆಯಬೇಕು, ಅದೇ ಹೊತ್ತಿಗೆ ನಾನು ಬೆಲ್ಟ್ ಬಿಗಿಯುತ್ತೇನೆ. ಬೆಲ್ಟ್ ಸೊಂಟಕ್ಕೆ ತಗ್ಗಿ ಇರಬೇಕು, ಇಲ್ಲದಿದ್ದರೆ ಬಾರ್ ತಾಗುತ್ತದೆ. ಶರ್ಟ್ ಮೇಲೆ ಏರದಂತೆ ಹಿಡಿಯುವುದೇ ಅದರ ಕೆಲಸ. ಕಾಲರ್ ಅರ್ಧ ಇಂಚು ಇಳಿದರೆ ನನಗೆ ಮುಟ್ಟುವ ತೂಕದಲ್ಲಿ 8–10 ಕೆ.ಜಿ. ವ್ಯತ್ಯಾಸ. ಓಪನರ್‌ಗೆ ಒಂದು ಜಾಗ, ಎರಡನೇ ಅಟೆಂಪ್ಟಿಗೆ ಇನ್ನೂ ಕೆಳಗೆ, ಮೂರನೆಯದಕ್ಕೆ ಪೂರಾ ಎಳೆದು. ಟೈಟ್ ಶರ್ಟಿನಲ್ಲಿ ಈ ಆಟ ಆಡಲು ಬಟ್ಟೆಯೇ ಉಳಿದಿರುವುದಿಲ್ಲ. ದೊಡ್ಡ ಸೈಜ್ ತಗೊಂಡದ್ದು ಇದಕ್ಕೇ.

ಬೋರ್ಡುಗಳನ್ನು ಬಡಗಿಯೊಬ್ಬರು ಹಲಸಿನ ಮರದ ಉಳಿದ ತುಂಡಿನಲ್ಲಿ ಮಾಡಿಕೊಟ್ಟರು, 400 ರೂಪಾಯಿ. ಮೂರು ಬೋರ್ಡಿನಿಂದ ಶುರು, ವಾರಕ್ಕೊಮ್ಮೆ ಶರ್ಟ್, ಎರಡು ತಿಂಗಳಲ್ಲಿ ಎದೆಗೆ ಬಂದೆ. ಎಲ್ಲರೂ ಬೋರ್ಡ್ ಮೇಲೆ ದೊಡ್ಡ ತೂಕ ಹಾಕಿ ವಿಡಿಯೋ ಮಾಡುತ್ತಾರೆ. ನಾನು ಹೆಚ್ಚು ಸಮಯ ಕಳೆದದ್ದು ಮುಟ್ಟುವ ತೂಕದಲ್ಲಿ. ಇಳಿಸು, ಮುಟ್ಟಿಸು, ಬಾರ್ ಅಲುಗಾಡದೆ ನಿಲ್ಲಿಸು, ಪ್ರೆಸ್ ಅಂತ ಗೆಳೆಯ ಕೂಗಿದ ಮೇಲೆ ಒತ್ತು. ಕೊನೆಯ ಎರಡು ಇಂಚಿನಲ್ಲಿ ಬಾರ್ ಎಳೆಯಲು ಹೋದರೆ ಮೊಣಕೈ ಹೊರಗೆ ಹೋಗುತ್ತದೆ, ಬಾರ್ ಮುಖದ ಕಡೆ ಹಾರುತ್ತದೆ. ಮೊಣಕೈ ಒಳಗಿಟ್ಟು, ಉಸಿರು ತುಂಬಿ, ಎದೆಯನ್ನೇ ಬಾರಿಗೆ ಎತ್ತಿ ಕೊಡಬೇಕು. ಎದೆಗೂಡು ಮುಗಿಯುವ ಜಾಗದಲ್ಲಿ ಮುಟ್ಟಿದರೆ ಶರ್ಟ್ ತಾನೇ ತಳ್ಳುತ್ತದೆ.

2023ರಲ್ಲಿ ಮೊಣಕೈ ಆಳದ ನಿಯಮ ಬಂತಲ್ಲ, ಮೊಣಕೈಯ ಅಡಿ ಭಾಗ ಭುಜದ ಮೇಲ್ಭಾಗದ ಮಟ್ಟಕ್ಕಾದರೂ ಇಳಿಯಬೇಕು ಅಂತ. ಬೆನ್ನು ಬಿಲ್ಲಿನಂತೆ ಬಾಗಿಸುವ ದೊಡ್ಡ ಆರ್ಚ್, 81 ಸೆಂ.ಮೀ. ಪೂರಾ ಅಗಲ ಹಿಡಿಯುತ್ತಿದ್ದವರಿಗೆ ಅದು ಪೆಟ್ಟು ಕೊಟ್ಟಿತು. ನಾನು ಹಿಡಿತ ಎರಡು ಬೆರಳು ಒಳಗೆ ತಂದೆ. ಆಳ ಸಿಕ್ಕಿತು, ತೋಳಿನ ಬಟ್ಟೆಯೂ ಸರಿಯಾಗಿ ಎಳೆಯಲ್ಪಟ್ಟಿತು. ಆ ಲಾಭ ನಾನು ಎಣಿಸಿರಲಿಲ್ಲ.

ನಡುವೆ ಕೆಲವು ಹುಚ್ಚಾಟಗಳೂ ಆದವು. ಶರ್ಟ್ ಫ್ರೀಜರ್‌ನಲ್ಲಿಟ್ಟರೆ ಬಟ್ಟೆ ಗಟ್ಟಿಯಾಗುತ್ತದೆ ಅಂತ ಯಾರೋ ಹೇಳಿದರು. ಒಂದು ರಾತ್ರಿ ಇಟ್ಟೆ. ಒಂದು ಕೆ.ಜಿ. ಜಾಸ್ತಿ ಬರಲಿಲ್ಲ, ಬಂಗುಡೆ ಮೀನಿನ ವಾಸನೆ ಬಂತು. ಹ್ಯಾಂಡ್ ಆಫ್ ಕೊಡುವವನು ಮುಖ ತಿರುಗಿಸಿಕೊಂಡೇ ಬಾರ್ ಕೊಟ್ಟ. ಬಿಸಿ ನೀರಿನಲ್ಲಿ ನೆನೆಸಿ ನೋಡಿದೆ, ಬಣ್ಣ ಸ್ವಲ್ಪ ಹೋಯಿತು ಅಷ್ಟೇ. ತಣ್ಣೀರಿನಲ್ಲಿ ಕೈಯಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಮಾತ್ರ ಮೊದಲ ಸಲ ಹಾಕುವಾಗ ಬಿಗಿ ಅನ್ನಿಸುತ್ತದೆ. ಸ್ಪರ್ಧೆಯ ವಾರ ತೊಳೆದು ಇಡುತ್ತೇನೆ, ಆಮೇಲೆ ವೇದಿಕೆಯವರೆಗೆ ಮುಟ್ಟುವುದಿಲ್ಲ.

ಆ ದಿನದ ಲೆಕ್ಕ ಹೀಗಿತ್ತು. ಓಪನರ್ 157.5, ಆರಾಮವಾಗಿ ಬಂತು. 165ಕ್ಕೆ ಒಂದು ಕೆಂಪು, ಎರಡು ಬಿಳಿ. 170ಕ್ಕೆ ಕಾಲರ್ ಪೂರಾ ಎಳೆಸಿದೆ. ಬಾರ್ ಎದೆಗೆ ಬಂದು ನಿಂತಾಗ ಪ್ರೆಸ್ ಕೇಳಲು ಯುಗ ಆದ ಹಾಗಾಯಿತು, ಎದ್ದದ್ದು ಮಾತ್ರ ಸಲೀಸು. ಶರ್ಟ್ ಬಿಚ್ಚಿದಾಗ ತೋಳಿನ ಒಳಭಾಗದಲ್ಲಿ ಬಟ್ಟೆಯ ನೇಯ್ಗೆಯೇ ಕೆಂಪಗೆ ಅಚ್ಚಾಗಿತ್ತು.

ಈಗ 180 ಎರಡು ಬೋರ್ಡಿನ ಮೇಲೆ ಹೋಗುತ್ತಿದೆ. ಎದೆಯಿಂದ ಶರ್ಟ್ ತಳ್ಳುತ್ತದೆ, ಕೊನೆಯ ನಾಲ್ಕು ಇಂಚು ನಮ್ಮದೇ ಟ್ರೈಸೆಪ್ಸ್ ಕೆಲಸ, ಅಲ್ಲೇ ನಿಲ್ಲುತ್ತಿದೆ. ಬಾರ್ ಎರಡೂ ತುದಿಗೆ ಚೈನ್ ಕಟ್ಟಿ ಲಾಕೌಟ್ ಶುರು ಮಾಡಿದ್ದೇನೆ. ಚೈನ್ ಹಳೇ ಬೋಟಿನದ್ದು, ಬಂದರಿನ ಧಕ್ಕೆಯ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕಿತು.