ಎಲೆ ತುಂಬಿದ ತೋಟಕ್ಕೆ ಯಾವ ಸಿಮ್ಯುಲೇಟರ್?

ವಿಜಯಪುರ ಜಿಲ್ಲೆಯ ತಿಕೋಟಾ ಸಮೀಪದ ಸಂಬಂಧಿಕರ ದ್ರಾಕ್ಷಿ ತೋಟದಲ್ಲಿ ಮಣ್ಣಿನ ತೇವ ಅಳೆಯುವ 24 ಸೆನ್ಸರ್‌ಗಳನ್ನು ಅಳವಡಿಸಿ, ಅವುಗಳ ಅಂಕಿಗಳನ್ನು ರೇಡಿಯೊ ಮೂಲಕ ಪಡೆಯುವುದು ನನ್ನ ಎಂ.ಟೆಕ್ ಪ್ರಾಜೆಕ್ಟ್ ಆಗಿತ್ತು. ಹಣ ಹಾಕುವ ಮೊದಲು ಕಂಪ್ಯೂಟರಿನಲ್ಲೇ ಜಾಲದ ಸಿಮ್ಯುಲೇಷನ್ (ಅಣಕು ಪ್ರಯೋಗ) ಮಾಡಿ ನೋಡೋಣವೆಂದು ಕುಳಿತರೆ, ಯಾವ ಸಾಧನ ಹಿಡಿಯಬೇಕೆಂಬ ಗೊಂದಲದಲ್ಲೇ ಎರಡು ವಾರ ಕಳೆಯಿತು.

ಸಿಸ್ಕೊ ಪ್ಯಾಕೆಟ್ ಟ್ರೇಸರ್ ಬಿ.ಇ. ದಿನಗಳಿಂದಲೇ ಪರಿಚಿತ. ರೂಟರ್, ಸ್ವಿಚ್‌ಗಳ ಸಂರಚನೆ ಕಲಿಯುವವರಿಗೆ ಇವತ್ತಿಗೂ ಅದನ್ನೇ ಹೇಳುತ್ತೇನೆ. ಜಿಎನ್‌ಎಸ್3 ನಿಜವಾದ ರೂಟರ್ ತಂತ್ರಾಂಶವನ್ನೇ ಓಡಿಸುತ್ತದೆ, ಆದರೆ ತೋಟದಲ್ಲಿ ರೂಟರ್ ಎಲ್ಲಿಯದು? ಸಹಪಾಠಿಗಳಿಂದ ಇನ್ನೊಂದು ಸಿಮ್ಯುಲೇಟರ್ ಆದ ಎನ್‌ಎಸ್-2ರ ಹಳೆಯ ಕೋಡ್ ಸಿಕ್ಕಿತು. ಅದರ 2.35ನೇ ಆವೃತ್ತಿ 2011ರದ್ದು, ನನ್ನ ಹೊಸ ಉಬುಂಟುವಿನಲ್ಲಿ ಕಂಪೈಲ್ ಮಾಡುವಷ್ಟರಲ್ಲಿ ಸಾಕಾಗಿ ಹೋಯಿತು.

ಗೊಂದಲ ಬಿಡಿಸಿದವರು ತೋಟದ ಕಾಕಾ. ನಾನು ಲ್ಯಾಪ್‌ಟಾಪ್ ತೆರೆದು ವಿವರಿಸುತ್ತಿದ್ದಾಗ, "ಅದೆಲ್ಲ ಇರಲಿ ತಮ್ಮಾ, ಎಲೆ ತುಂಬಿದ ಮೇಲೂ ಸಿಗ್ನಲ್ ಬರುತ್ತದೇನು?" ಎಂದರು. ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದೇ. ರೇಡಿಯೊ ಅಲೆ ದೂರಕ್ಕೆ ಹೋದಂತೆ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕವನ್ನು ನಾನೇ ತಿದ್ದಲು ಬಿಡುವ ಸಾಧನ ಬೇಕಿತ್ತು. ಒಮ್ನೆಟ್++ ಎಂಬ ಸಿಮ್ಯುಲೇಟರ್ ಕೂಡ ಆಗುತ್ತಿತ್ತು, ಅದರ ಪರದೆಯ ಚಿತ್ರಣ ನಿಜಕ್ಕೂ ಚೆಂದ. ಆದರೆ ನನಗೆ ಬರುತ್ತಿದ್ದದ್ದು ಸಿ++ ಭಾಷೆ, ಒಮ್ನೆಟ್++ನ ಎನ್‌ಇಡಿ ಭಾಷೆಯನ್ನು ಹೊಸದಾಗಿ ಕಲಿಯಲು ಸಮಯವಿರಲಿಲ್ಲ. ಸಿ++ನಲ್ಲೇ ಬರೆಯಬಹುದಾದ ಎನ್‌ಎಸ್-3 ಹಿಡಿದೆ.

ಅದರ ಲಾಗ್-ಡಿಸ್ಟನ್ಸ್ ಮಾದರಿಯಲ್ಲಿ (ದೂರದೊಂದಿಗೆ ಸಿಗ್ನಲ್ ಕುಗ್ಗುವ ಲೆಕ್ಕ) ಘಾತಾಂಕ, ಅಂದರೆ ಎಷ್ಟು ಬೇಗ ಕುಗ್ಗುತ್ತದೆಂದು ಹೇಳುವ ಸಂಖ್ಯೆ, ತಾನಾಗಿಯೇ 3 ಇರುತ್ತದೆ. ಅಂದರೆ ದೂರ ಹತ್ತು ಪಟ್ಟಾದರೆ ಸಿಗ್ನಲ್ 30 ಡೆಸಿಬೆಲ್ ಕುಗ್ಗುತ್ತದೆ. ಬಹಳಷ್ಟು ಪ್ರಾಜೆಕ್ಟ್‌ಗಳು ಇದನ್ನು ಮುಟ್ಟುವುದೇ ಇಲ್ಲ. ಅದು ನನಗೆ ಸರಿಯೆನಿಸುವುದಿಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದು ಬಳ್ಳಿ ಬರಿದಾಗಿದ್ದಾಗ ಒಮ್ಮೆ, ಡಿಸೆಂಬರಿನಲ್ಲಿ ಚಪ್ಪರ ಮುಚ್ಚಿಕೊಂಡ ಮೇಲೆ ಇನ್ನೊಮ್ಮೆ, ಎರಡು ರೇಡಿಯೊ ಮಾಡ್ಯೂಲ್ ಹಿಡಿದು ಸಾಲಿನಲ್ಲಿ ಐದೈದು ಮೀಟರಿಗೆ ನಿಂತು ಸಿಗ್ನಲ್ ಬಲ ಬರೆದುಕೊಂಡೆ. ದೂರದ ಲಾಗ್ (10ರ ಆಧಾರದ) ಮೌಲ್ಯದ ಎದುರು ಆ ಅಂಕಿಗಳನ್ನು ಗುರುತಿಸಿ ಗೆರೆ ಎಳೆದರೆ, ಅದರ ಇಳಿಜಾರಿನ ಹತ್ತನೇ ಒಂದು ಪಾಲೇ ಘಾತಾಂಕ. ಎರಡು ಋತುವಿಗೆ ಎರಡು ಘಾತಾಂಕಗಳು ಬಂದವು.

ಇನ್ನೊಂದು ತಪ್ಪು ದಾರಿ. ಹತ್ತು ಸಲ ಓಡಿಸಿದರೂ ದಶಾಂಶದವರೆಗೆ ಒಂದೇ ಉತ್ತರ ಬಂದಾಗ ಫಲಿತಾಂಶ ಗಟ್ಟಿಯಾಗಿದೆ ಎಂದು ಹಿಗ್ಗಿದೆ. ಎನ್‌ಎಸ್-3ರಲ್ಲಿ ಯಾದೃಚ್ಛಿಕ ಸಂಖ್ಯೆಗಳ ಬೀಜ (ಆ ಸಂಖ್ಯೆಗಳ ಸಾಲು ಶುರುವಾಗುವ ಮೌಲ್ಯ) ತಾನಾಗಿಯೇ ಸ್ಥಿರವಾಗಿರುತ್ತದೆ, ಹಾಗಾಗಿ ಪ್ರತಿ ಸಲವೂ ಅದೇ ಸಂಖ್ಯೆಗಳು ಬರುತ್ತವೆ. ಪ್ರತಿ ಓಟಕ್ಕೂ ರನ್ ಸಂಖ್ಯೆಯನ್ನು ನಾವೇ ಬದಲಿಸಬೇಕು. ಬದಲಿಸಿದ ಮೇಲೆ ಅಂಚಿನ ಸಾಲುಗಳ ಸೆನ್ಸರ್‌ಗಳು ಒಂದು ಓಟದಲ್ಲಿ ಗೇಟ್‌ವೇಯನ್ನು (ಸೆನ್ಸರ್‌ಗಳ ಅಂಕಿಗಳನ್ನು ಪಡೆಯುವ ಸಾಧನ) ತಲುಪಿದರೆ ಮತ್ತೊಂದರಲ್ಲಿ ತಪ್ಪುತ್ತಿದ್ದವು.

ಗೇಟ್‌ವೇಯನ್ನು ಸಿಮ್ಯುಲೇಷನ್ನಿನಲ್ಲಿ ಪಂಪ್ ಮನೆಯ ಗೋಡೆಯಿಂದ ತೋಟದ ನಡುವಿಗೆ ತಂದು, ಡಿಸೆಂಬರಿನ ಘಾತಾಂಕದಲ್ಲೇ ಮತ್ತೆ ಓಡಿಸಿದೆ. ಅಂಚಿನ ಸಾಲುಗಳೂ ಎಲ್ಲ ಓಟಗಳಲ್ಲಿ ತಲುಪಿದವು. ಮರುದಿನ ಕಾಕಾ ಹಳೆಯ ಕಬ್ಬಿಣದ ಪೈಪ್ ತಂದು, ನಾನು ತೋರಿಸಿದ ಜಾಗದಲ್ಲಿ ನೆಟ್ಟರು.