ಮೊದಲು ಸೈಟ್, ಆಮೇಲೆ ಎಂ.ಟೆಕ್: ನಿರ್ಮಾಣ ನಿರ್ವಹಣೆ ಓದಿದ ನನ್ನ ಅನುಭವ

ಸಿವಿಲ್ ಬಿ.ಇ. ಮುಗಿದ ಕೂಡಲೇ ಎಂ.ಟೆಕ್ ಸೇರಲೇ ಎಂದು ಕೇಳುವ ಕಿರಿಯರಿಗೆಲ್ಲ ನಾನು ಮೊದಲು ಸೈಟ್‌ಗೆ ಹೋಗಿ ಎನ್ನುತ್ತೇನೆ. ನಾನು ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ ಸೈಟ್ ಎಂಜಿನಿಯರ್ ಆಗಿದ್ದು, ಬಳಿಕ ಎಂ.ಟೆಕ್ ಪ್ರವೇಶಕ್ಕೆ ಗೇಟ್ ಪರೀಕ್ಷೆ ಬರೆದು ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್ ಓದಿದೆ. ಐಐಟಿ ಮದ್ರಾಸ್, ದೆಹಲಿಗಳಲ್ಲೂ ಇಂಥ ಕೋರ್ಸುಗಳಿವೆ. ನಿಕ್ಮಾರ್ ಎಂಬ ಶಿಕ್ಷಣ ಸಂಸ್ಥೆ ಹುಟ್ಟಿದ್ದೇ ಈ ವಿಷಯಕ್ಕಾಗಿ.

ಸೈಟ್ ಮೊದಲು ಏಕೆ? ಒಂದು ಉದಾಹರಣೆ ಕೊಡುತ್ತೇನೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಾಗ ಆಧಾರಗಳ ನಡುವಿನ ಅಂತರ 4.5 ಮೀಟರ್‌ವರೆಗಿದ್ದರೆ ಸ್ಲ್ಯಾಬಿನ ಕೆಳಗೆ ಪ್ರಾಪ್‌ಗಳು, ಅಂದರೆ ಆಸರೆ ಕಂಬಗಳು, 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ನಿಂತಿರಬೇಕು ಎನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456. ಸೈಟ್‌ನಲ್ಲಿ ಇದು ನನಗೆ ಗುಣಮಟ್ಟದ ನಿಯಮವಾಗಿತ್ತು, ಅಷ್ಟೇ. ಬೇಗ ಬಿಚ್ಚಲು ಅವಸರಪಡುವ ಸೆಂಟ್ರಿಂಗ್ ಮೇಸ್ತ್ರಿಯನ್ನು ತಡೆಯುವುದು ನನ್ನ ಕೆಲಸ. ತರಗತಿಯಲ್ಲಿ ಕ್ರಿಟಿಕಲ್ ಪಾತ್ (ಒಟ್ಟು ಅವಧಿಯನ್ನು ನಿರ್ಧರಿಸುವ ಕೆಲಸಗಳ ಸರಣಿ) ಕಲಿಯುವಾಗ ಅದೇ ನಿಯಮದ ಹಿಂದಿನ ಹಣ ಕಂಡಿತು. ಹತ್ತು ದಿನಕ್ಕೊಂದು ಸ್ಲ್ಯಾಬ್ ಹಾಕಬೇಕು, ಪ್ರಾಪ್ ಮಾತ್ರ 14 ದಿನ ಕದಲಬಾರದು ಎಂದಾದರೆ ಒಂದು ಸೆಟ್ ಸಾಲದು. ಎರಡನೆಯ ಸೆಟ್ಟಿನ ಬಾಡಿಗೆ ಹೆಚ್ಚೋ, ಕಟ್ಟಡ ತಡವಾದರೆ ಆಗುವ ನಷ್ಟ ಹೆಚ್ಚೋ? ಈ ಲೆಕ್ಕವೇ ನಿರ್ಮಾಣ ನಿರ್ವಹಣೆ. ಮೇಸ್ತ್ರಿಯ ಅವಸರವನ್ನು ಕಣ್ಣಾರೆ ಕಂಡವರಿಗೆ ಅದು ಬೇಗ ತಲೆಗೆ ಹತ್ತುತ್ತದೆ.

ವೇಳಾಪಟ್ಟಿ ಹಾಕುವ ಪ್ರೈಮವೆರಾ ಸಾಫ್ಟ್‌ವೇರನ್ನು ಯಾರು ಬೇಕಾದರೂ ಕಲಿಯಬಹುದು. ಅದಕ್ಕೆ ತುಂಬುವ ದಿನಗಳ ಲೆಕ್ಕ ಬರುವುದು ಕಂಬಿ ಕಟ್ಟುವವರ ತಂಡ ದಿನಕ್ಕೆ ಎಷ್ಟು ಕಟ್ಟುತ್ತದೆ ಎಂಬುದನ್ನು ಬರೆದಿಟ್ಟುಕೊಂಡವರಿಂದ.

ಹಲವು ಸಹಪಾಠಿಗಳಿಗೆ ಒಣ ಎನಿಸಿದ್ದ ಗುತ್ತಿಗೆ ಕರಾರಿನ ಪಾಠವೇ ಇಂದು ನನಗೆ ಅನ್ನ ಕೊಡುತ್ತಿದೆ. ನಕ್ಷೆ ತಡವಾಗಿ ಬಂದರೆ, ಜಾಗ ಹಸ್ತಾಂತರವಾಗದಿದ್ದರೆ ಹೆಚ್ಚುವರಿ ಕಾಲಾವಧಿ ಕೇಳುವ ಹಕ್ಕು ಗುತ್ತಿಗೆದಾರನಿಗಿದೆ. ಆದರೆ ಗಡುವಿನೊಳಗೆ ಲಿಖಿತವಾಗಿ ತಿಳಿಸಬೇಕು. ಅಂತರರಾಷ್ಟ್ರೀಯ ಮಾದರಿ ಕರಾರಾದ 1999ರ ಫಿಡಿಕ್ ಷರತ್ತುಗಳಲ್ಲಿ ಆ ಗಡುವು 28 ದಿನ. ಯಾವ ನಕ್ಷೆ ಯಾವತ್ತು ಕೈಸೇರಿತು, ಮಳೆಗೆ ಕೆಲಸ ಎಷ್ಟು ಹೊತ್ತು ನಿಂತಿತು ಎಂಬ ದಿನಚರಿ ಇಲ್ಲದಿದ್ದರೆ ಎಷ್ಟೇ ನ್ಯಾಯವಾದ ಕೋರಿಕೆಯೂ ಬಿದ್ದುಹೋಗುತ್ತದೆ. ಸ್ಪಷ್ಟವಾಗಿ ಪತ್ರ ಬರೆಯಬಲ್ಲ ಎಂಜಿನಿಯರ್‌ಗಳು ಅಪರೂಪ, ಆದ್ದರಿಂದಲೇ ಅವರು ಬೇಗ ಮೇಲೇರುತ್ತಾರೆ.

ಪ್ಲಾನಿಂಗ್, ಬಿಲ್ಲಿಂಗ್, ಕಾಂಟ್ರ್ಯಾಕ್ಟ್ಸ್, ಯೋಜನಾ ಸಲಹಾ ಸಂಸ್ಥೆಗಳು: ದಾರಿಗಳು ಹಲವು. ರಿಯಲ್ ಎಸ್ಟೇಟ್ ನಿಯಂತ್ರಿಸುವ 2016ರ ರೇರಾ ಕಾಯ್ದೆಯ ಪ್ರಕಾರ ಮನೆ ತಡವಾದರೆ ಖರೀದಿದಾರರಿಗೆ ಬಡ್ಡಿ ಕೊಡಬೇಕು. ಹೀಗಾಗಿ ಖಾಸಗಿ ಬಿಲ್ಡರ್‌ಗಳಿಗೂ ಪ್ಲಾನಿಂಗ್ ಎಂಜಿನಿಯರ್ ಅನಿವಾರ್ಯ. ಆರಂಭದ ಸಂಬಳ ಸಾಫ್ಟ್‌ವೇರ್ ಗೆಳೆಯರಿಗಿಂತ ಕಡಿಮೆಯೇ ಇತ್ತು, ಊರೂರು ಅಲೆಯಬೇಕಾಯಿತು. ಮನೆಯವರಿಗೆ ಇದನ್ನು ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ಇಂಟರ್ನ್‌ಶಿಪ್ ಸಿಕ್ಕಿದರೆ ಬಿಲ್ಲಿಂಗ್ ವಿಭಾಗವನ್ನೇ ಕೇಳಿ ಪಡೆಯಿರಿ. ಅಳತೆ ಪುಸ್ತಕ, ನಕ್ಷೆ, ಕರಾರು ಮೂರನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿಕೊಂಡು ಕೂರಲು ಸಿಗುವ ಅವಕಾಶ ಅದೊಂದೇ ಕಡೆ.